ಬರೆಸುವುದು ಸುಲಭ, ಓದುವವರು ಯಾರು?

ಪಿಯುಸಿ ರಿಸಲ್ಟ್ ಬಂದ ದಿನ ನಮ್ಮ ಕರಾವಳಿಗೆ ಹಬ್ಬ. 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು ಬಂತು, ಉಡುಪಿ ಎರಡನೆಯದು. 2025ರಲ್ಲಿ ಎರಡೂ ಜಿಲ್ಲೆಗಳು ಜಾಗ ಅದಲುಬದಲು ಮಾಡಿಕೊಂಡವು. ಕಾಲೇಜುಗಳ ಗೇಟಿನ ಮುಂದೆ ಫ್ಲೆಕ್ಸ್ ಏಳುತ್ತದೆ, ಒಂದೊಂದರಲ್ಲೂ ನಲವತ್ತು ಮುಖ. ಕೆಲವೇ ತಿಂಗಳಲ್ಲಿ ಆ ಮುಖಗಳು ಡಿಗ್ರಿಯ ಮೊದಲ ವರ್ಷದ ಬೆಂಚಿನಲ್ಲಿ ಕೂತಿರುತ್ತವೆ. "ನಿಮ್ಮ ಊರಿನಲ್ಲಿ ಬದಲಾಗಬೇಕು ಅಂತ ನಿಮಗೆ ಅನಿಸುವ ಒಂದು ವಿಷಯ, ಅದು ಯಾಕೆ ಬದಲಾಗಬೇಕು, ಒಂದು ಪುಟ ಬರೆಯಿರಿ" ಅನ್ನುತ್ತೇನೆ. ಐದು ನಿಮಿಷ ಯಾರೂ ಪೆನ್ನು ಎತ್ತುವುದಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ಸ್ವರ: "ಮೇಡಂ, ಪಾಯಿಂಟ್ಸ್ ಕೊಡ್ತೀರಾ?"

ಇದಕ್ಕೆ ಸ್ಟಾಫ್ ರೂಮಿನಲ್ಲಿ ಸಿದ್ಧ ಉತ್ತರ ಉಂಟು: "ಈಗಿನ ಮಕ್ಕಳಿಗೆ ಭಾಷೆಯೇ ಬರುವುದಿಲ್ಲ." ಮಂಗಳೂರಿನ ಒಂದು ಕಾಲೇಜಿನಲ್ಲಿ ಮೊದಲ ವರ್ಷದವರ ಬರವಣಿಗೆ ತರಗತಿಗಳ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಇಷ್ಟು ದಿನದಲ್ಲಿ ನನಗೆ ಕಂಡದ್ದೇ ಬೇರೆ. ಈ ಮಕ್ಕಳು ಬರೆದದ್ದನ್ನು ಇಲ್ಲಿಯವರೆಗೆ ಯಾರೂ ಓದಿಯೇ ಇಲ್ಲ. ತಿದ್ದಿದ್ದಾರೆ, ಮಾರ್ಕ್ ಹಾಕಿದ್ದಾರೆ, ಓದಿಲ್ಲ. ಪರೀಕ್ಷೆಯ ಪೇಪರ್ ನೋಡುವವರಿಗೆ ಉತ್ತರ ಮೊದಲೇ ಗೊತ್ತು. ಅವರು ಹುಡುಕುತ್ತಾರೆ: ಐದು ಪಾಯಿಂಟ್ ಇದೆಯಾ, ಮುಖ್ಯ ಪದಕ್ಕೆ ಅಂಡರ್‌ಲೈನ್ ಇದೆಯಾ. ಹನ್ನೆರಡು ವರ್ಷ ಹೀಗೆ ಹುಡುಕುವವರಿಗಾಗಿಯೇ ಬರೆದ ಹುಡುಗಿಗೆ, ಗೊತ್ತಿಲ್ಲದ್ದನ್ನು ತಿಳಿಯಲು ಒಬ್ಬರು ತನ್ನ ಪುಟ ಓದುತ್ತಾರೆ ಅಂದರೆ ನಂಬಿಕೆ ಬರುವುದಾದರೂ ಹೇಗೆ?

ಮೊದಲ ವರ್ಷದ ಎಲ್ಲರಿಗೂ ಕಡ್ಡಾಯ ಬರವಣಿಗೆ ಕೋರ್ಸ್ ಅನ್ನುವುದು ಮೂಲತಃ ಅಮೆರಿಕದ ಏರ್ಪಾಡು. ಹಾರ್ವರ್ಡ್ ವಿಶ್ವವಿದ್ಯಾಲಯ 1874ರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಒಂದು ಸಣ್ಣ ಪ್ರಬಂಧ ಬರೆಸಲು ಶುರು ಮಾಡಿತು. ಬರೆದದ್ದು ನೋಡಿ ಅಧ್ಯಾಪಕರು ಗಾಬರಿಯಾದರು. 1885ರ ಹೊತ್ತಿಗೆ ಮೊದಲ ವರ್ಷಕ್ಕೇ 'ಇಂಗ್ಲಿಷ್ ಎ' ಅನ್ನುವ ಕೋರ್ಸ್ ಬಂತು. 1892ರಲ್ಲಿ ಅಲ್ಲಿನ ಒಂದು ಸಮಿತಿ ವರದಿ ಕೊಟ್ಟಿತು: ತಪ್ಪೆಲ್ಲ ಶಾಲೆಗಳದ್ದು, ಅವರು ಸರಿಯಾಗಿ ಕಲಿಸಿಲ್ಲ ಅಂತ. ನಮ್ಮ ಸ್ಟಾಫ್ ರೂಮಿನ ಮಾತಿಗೆ ನೂರಮೂವತ್ತು ವರ್ಷದ ಇತಿಹಾಸ ಉಂಟು ನೋಡಿ.

ಆಮೇಲೆ ಅದು ಅಲ್ಲಿ ದೊಡ್ಡ ವ್ಯವಸ್ಥೆಯಾಗಿ ಬೆಳೆಯಿತು. ಕೋರ್ಸ್ ನಡೆಸಲು ಒಬ್ಬ ನಿರ್ದೇಶಕರು, ಅವರ ಕೈಕೆಳಗೆ ಹತ್ತಾರು ಅಧ್ಯಾಪಕರು, ಎಲ್ಲರಿಗೂ ಒಪ್ಪಿಗೆಯಾದ ಗುರಿಗಳು. ನಮ್ಮ ದೇಶದಲ್ಲಿ ಹರಿಯಾಣದ ಅಶೋಕ ವಿಶ್ವವಿದ್ಯಾಲಯದಂಥ ಕೆಲವು ಹೊಸ ಖಾಸಗಿ ವಿಶ್ವವಿದ್ಯಾಲಯಗಳು ಈ ದಾರಿ ಹಿಡಿದಿವೆ. ನಮ್ಮ ಕರಾವಳಿಯ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡು ಭಾಷಾ ಪತ್ರಿಕೆಗಳು. ಪಠ್ಯಪುಸ್ತಕದಲ್ಲಿ ಕೆಲವು ಗದ್ಯ, ಕೆಲವು ಪದ್ಯ, ಪರೀಕ್ಷೆಯಲ್ಲಿ 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ'. ಸ್ವಾರಸ್ಯ ಮೊದಲೇ ನೋಟ್ಸಿನಲ್ಲಿ ಇರುತ್ತದೆ, ನೋಟ್ಸ್ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಇರುತ್ತದೆ. ಇನ್ನು ಕಮ್ಯುನಿಕೇಶನ್ ಸ್ಕಿಲ್ಸ್ ಅಂತ ಒಂದು ಉಂಟು. ಅದರಲ್ಲಿ ಬಯೋಡಾಟ, ಗ್ರೂಪ್ ಡಿಸ್ಕಶನ್, ಇಂಟರ್‌ವ್ಯೂಗೆ ಕೈ ಹೇಗೆ ಇಟ್ಟುಕೊಳ್ಳಬೇಕು. ಕೆಲಸಕ್ಕೆ ಬರುವ ವಿದ್ಯೆಯೇ. ಆದರೆ ಒಂದು ವಿಷಯವನ್ನು ನಾಲ್ಕು ಪುಟ ಯೋಚಿಸುವುದನ್ನು ಅದು ಕಲಿಸುವುದಿಲ್ಲ.

ಈಗ ಯಾಕೆ ಈ ಮಾತು? ಎರಡು ಕಾರಣ. ಮೊದಲನೆಯದು ಪಠ್ಯಕ್ರಮದ ಗೊಂದಲ. 2021-22ರಲ್ಲಿ ನಮ್ಮ ರಾಜ್ಯಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು, ನಾಲ್ಕು ವರ್ಷದ ಪದವಿ ಅಂದರು. 2024-25ರಿಂದ ಮತ್ತೆ ಮೂರು ವರ್ಷ ಅಂದರು. ಪ್ರತಿ ಸಲ ಸಿಲೆಬಸ್ ಸಮಿತಿ ಕೂರುತ್ತದೆ, ಯಾವ ಪಾಠ ಇರಬೇಕು ಅಂತ ಜಗಳ ಆಗುತ್ತದೆ. ಮಕ್ಕಳು ವರ್ಷಕ್ಕೆ ಎಷ್ಟು ಪುಟ ಸ್ವಂತ ಬರೆಯಬೇಕು ಅನ್ನುವ ಚರ್ಚೆ ನಾನು ಕೂತ ಯಾವ ಸಭೆಯಲ್ಲೂ ಆಗಲಿಲ್ಲ. ಎರಡನೆಯ ಕಾರಣ ನಿಮಗೆ ಗೊತ್ತೇ ಇದೆ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಹೊರಬಂತು. ಅದರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ.

ಒಬ್ಬ ಅಧ್ಯಾಪಕಿಗೆ ನಾಲ್ಕು ಸೆಕ್ಷನ್, ಒಂದೊಂದರಲ್ಲಿ 60 ಮಂದಿ ಅಂತಿಟ್ಟುಕೊಳ್ಳಿ. ನಮ್ಮಲ್ಲಿ ಇದೇನೂ ವಿಶೇಷ ಅಲ್ಲ. 240 ಪುಟ. ಒಂದು ಪುಟ ಓದಿ, ಯೋಚಿಸಿ, ಪಕ್ಕದಲ್ಲಿ ಒಂದೆರಡು ಸಾಲು ಬರೆಯಲು ಹತ್ತು ನಿಮಿಷ. ಒಟ್ಟು 40 ಗಂಟೆ. ಒಂದು ಸೆಮಿಸ್ಟರಿಗೆ ಮೂರು ಬರಹ, ಒಂದೊಂದಕ್ಕೂ ಎರಡು ಡ್ರಾಫ್ಟ್ ಅಂದರೆ ಆರು ಸುತ್ತು, 240 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 16 ಗಂಟೆ. ಈಗ ಯುಜಿಸಿಯ 2018ರ ನಿಯಮ ನೋಡಿ. ಸಹಾಯಕ ಪ್ರಾಧ್ಯಾಪಕರು ವಾರಕ್ಕೆ ನೇರವಾಗಿ ಪಾಠ ಮಾಡಬೇಕಾದದ್ದು 16 ಗಂಟೆ. ಅಂದರೆ ಪಾಠ ಮಾಡಿದಷ್ಟೇ ಹೊತ್ತು ಓದಬೇಕು. ಆ ಓದು ವರ್ಕ್‌ಲೋಡಿನಲ್ಲಿ ಬರುವುದಿಲ್ಲ. ರಾತ್ರಿ ಊಟ ಆದ ಮೇಲಿನ, ಭಾನುವಾರದ, ನೆಂಟರ ಮನೆಯ ಮದುವೆಗೆ ಹೋಗುವ ಬಸ್ಸಿನ ಕೆಲಸ ಅದು.

ಅಮೆರಿಕದ ಕಾಲೇಜು ಬರವಣಿಗೆ ಅಧ್ಯಾಪಕರ ಸಂಘ 1949ರಿಂದ ಇದೆ. ಅವರು ಹೇಳುವ ಮಿತಿ ಹೀಗೆ: ಒಂದು ತರಗತಿಯಲ್ಲಿ 20ಕ್ಕಿಂತ ಜಾಸ್ತಿ ಬೇಡ, 15 ಇದ್ದರೆ ಒಳ್ಳೆಯದು, ಒಬ್ಬ ಅಧ್ಯಾಪಕರಿಗೆ ಒಂದು ಅವಧಿಯಲ್ಲಿ ಒಟ್ಟು 60 ಮಂದಿ ಸಾಕು. ಅಲ್ಲಿಯೂ ಎಲ್ಲ ಕಡೆ ಇದು ನಡೆಯುವುದಿಲ್ಲ. ಅಲ್ಲಿ ಈ ತರಗತಿಗಳನ್ನು ಜಾಸ್ತಿ ನಡೆಸುವುದು ಪಿಎಚ್‌ಡಿ ಮಾಡುತ್ತಿರುವ ವಿದ್ಯಾರ್ಥಿಗಳು ಮತ್ತು ಕೋರ್ಸಿಗೆ ಇಷ್ಟು ಅಂತ ಸಂಬಳ ಪಡೆಯುವ ತಾತ್ಕಾಲಿಕ ಅಧ್ಯಾಪಕರು. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆ ನಿಂತಿರುವ ಹಾಗೆ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಬಳ ಯಾವಾಗ ಅಂತ ಗೊತ್ತಿಲ್ಲ. ಅಂಥವರ ಕೈಗೆ 240 ಪುಟ ಕೊಟ್ಟು "ಪ್ರೀತಿಯಿಂದ ಓದಿ" ಅನ್ನುವುದು ಹೇಗೆ? ಬರವಣಿಗೆ ಕಾರ್ಯಕ್ರಮ ನಡೆಸುವವರ ನಿಜವಾದ ಕೆಲಸ ಇಲ್ಲಿಂದ ಶುರುವಾಗುತ್ತದೆ. ಸಿಲೆಬಸ್ ಬರೆಯುವುದು ಒಂದು ವಾರದ ಕೆಲಸ. ಓದುವ ಸಮಯ ಹೊಂದಿಸುವುದು ಇಡೀ ವರ್ಷದ್ದು.

ಎರಡನೇ ತಲೆನೋವು, ಓದಿದವರೆಲ್ಲ ಒಂದೇ ಥರ ಓದುವುದಿಲ್ಲ. ಈ ಹೊಣೆ ಹೊತ್ತ ಮೊದಲ ವರ್ಷ ನಾನು ಒಂದೇ ಪ್ರಬಂಧವನ್ನು ಜೆರಾಕ್ಸ್ ಮಾಡಿಸಿ ನಮ್ಮ ಏಳು ಮಂದಿ ಅಧ್ಯಾಪಕರಿಗೆ ಕೊಟ್ಟೆ. ಹತ್ತಕ್ಕೆ ಮಾರ್ಕ್ ಹಾಕಿ ಅಂದೆ. ಮೂರರಿಂದ ಎಂಟರವರೆಗೆ ಬಂತು. ಸ್ವಲ್ಪ ಮುನಿಸೂ ಆಯಿತು. ಆದರೆ ಇದು ನಮ್ಮ ಊರಿನ ದೋಷ ಅಲ್ಲ. 1961ರಲ್ಲಿ ಅಮೆರಿಕದಲ್ಲಿ ಪಾಲ್ ಡೀಡೆರಿಕ್ ಮತ್ತು ಜೊತೆಗಾರರು ಮೊದಲ ವರ್ಷದವರ 300 ಪ್ರಬಂಧಗಳನ್ನು ಬೇರೆ ಬೇರೆ ಉದ್ಯೋಗದ 53 ಮಂದಿಗೆ ಕೊಟ್ಟು ಒಂಬತ್ತು ದರ್ಜೆಯಲ್ಲಿ ವಿಂಗಡಿಸಲು ಹೇಳಿದರು. ಶೇ 94 ಪ್ರಬಂಧಗಳಿಗೆ ಕಡಿಮೆಯೆಂದರೂ ಏಳು ಬೇರೆ ಬೇರೆ ದರ್ಜೆ ಬಿತ್ತು. ನೂರೊಂದು ಪ್ರಬಂಧಗಳಿಗಂತೂ ಒಂಬತ್ತೂ ದರ್ಜೆ! ಕೆಲವರು ವಿಚಾರ ನೋಡಿದರು, ಕೆಲವರು ಕಾಗುಣಿತ, ಕೆಲವರು ಜೋಡಣೆ, ಕೆಲವರು ಶೈಲಿ.

ಇದಕ್ಕೆ ಮದ್ದು ಒಂದೇ, ಒಟ್ಟಿಗೆ ಕೂತು ಓದುವುದು. ನಾವು ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಕೂರುತ್ತೇವೆ. ಮೂರು ಬರಹ, ಒಂದು ಫ್ಲಾಸ್ಕ್ ಚಹಾ, ಗೋಳಿಬಜೆ. ಇದಕ್ಕೆ ಏಳು ಯಾಕೆ ಕೊಟ್ಟಿರಿ, ಅದಕ್ಕೆ ನಾಲ್ಕು ಯಾಕೆ ಅಂತ ಕೇಳುತ್ತಾ ಹೋಗುವುದು. ಮಾರ್ಕ್ ಪೂರ್ತಿ ಒಂದೇ ಆಗುವುದಿಲ್ಲ, ಆಗಬೇಕಂತಲೂ ಇಲ್ಲ. ಆದರೆ ಮೂರು-ಎಂಟರ ಅಂತರ ಐದು-ಏಳಕ್ಕೆ ಇಳಿಯುತ್ತದೆ. ಈ ಶನಿವಾರಗಳೇ ನನ್ನ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಕೆಲಸಕ್ಕೆ ಸೇರಿ ಎರಡು ವಾರ ಆದ ಹುಡುಗಿಯೂ ಇಪ್ಪತ್ತು ವರ್ಷ ಕಲಿಸಿದವರೂ ಅಲ್ಲಿ ಸಮಾನರು.

ಒಂದು ಶನಿವಾರ 'ಗೊತ್ತುಂಟು' ಅನ್ನುವ ಪದದ ಮೇಲೆ ಅರ್ಧ ಗಂಟೆ ಹೋಯಿತು. ಬಂಟ್ವಾಳದ ಕಡೆಯ ಹುಡುಗನೊಬ್ಬ 'ನಮಗೆ ಇದು ಗೊತ್ತುಂಟು' ಅಂತ ಬರೆದಿದ್ದ. ಒಬ್ಬರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಅವನ ಮನೆ ಮಾತು ತುಳು. ತುಳುವಿನಲ್ಲಿ 'ಗೊತ್ತುಂಡು'. ಅವನು ಅದರ ನಿಯಮವನ್ನೇ ಸರಿಯಾಗಿ ಕನ್ನಡಕ್ಕೆ ತಂದಿದ್ದ. ಮಂಗಳೂರಿನ ಒಂದು ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ, ಕುಂದಾಪ್ರ ಕನ್ನಡ, ಮಲಯಾಳ ಎಲ್ಲ ಇರುತ್ತವೆ. ಶಾಲೆಯ ಕನ್ನಡ ಕೆಲವರಿಗೆ ಎರಡನೇ ಮಾತು, ಇಂಗ್ಲಿಷ್ ಮೂರನೆಯದು.

ಇಂಥ ತಪ್ಪುಗಳ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಯೋಚಿಸಿದವರು ನ್ಯೂಯಾರ್ಕಿನ ಸಿಟಿ ಕಾಲೇಜಿನ ಮೀನಾ ಶಾನೆಸ್ಸಿ. 1970ರಲ್ಲಿ ಆ ನಗರದ ವಿಶ್ವವಿದ್ಯಾಲಯ ಹೈಸ್ಕೂಲು ಮುಗಿಸಿದವರಿಗೆಲ್ಲ ಬಾಗಿಲು ತೆರೆಯಿತು. ಬಡವರು, ಕರಿಯರು, ವಲಸೆ ಬಂದವರ ಮಕ್ಕಳು ತುಂಬಿದರು. ಇವರಿಗೆ ಕಲಿಸಲು ಸಾಧ್ಯವೇ ಇಲ್ಲ ಅಂದವರು ಬಹಳ. ಶಾನೆಸ್ಸಿ ಸುಮಾರು 4,000 ಪ್ರಬಂಧಗಳನ್ನು ಇಟ್ಟುಕೊಂಡು ಕೂತರು. ತಪ್ಪುಗಳ ಹಿಂದೆ ಸೋಮಾರಿತನ ಇಲ್ಲ, ಒಂದು ತರ್ಕ ಇದೆ ಅಂತ ಪುಟಪುಟವಾಗಿ ತೋರಿಸಿ 1977ರಲ್ಲಿ ಪುಸ್ತಕ ತಂದರು. ಮರು ವರ್ಷವೇ ತೀರಿಕೊಂಡರು. ಅವರು ಮಾಡಿದ ದೊಡ್ಡ ಕೆಲಸ ಏನು ಅಂತ ಕೇಳಿದರೆ ನಾನು ಹೇಳುವುದು ಇಷ್ಟೇ: ಯಾರೂ ಓದದೆ ಬದಿಗಿಟ್ಟ ಕಟ್ಟನ್ನು ಬಿಚ್ಚಿ ಓದಿದರು.

ನಮ್ಮ ಮಕ್ಕಳಿಗೆ ವಾದ ಮಾಡಲು ಬರುವುದಿಲ್ಲ ಅನ್ನುವ ಇನ್ನೊಂದು ಮಾತು ಉಂಟು. ನನಗೆ ನಗು ಬರುತ್ತದೆ. ತಾಳಮದ್ದಳೆಯ ಊರು ನಮ್ಮದು ಮಾರಾಯ್ರೇ! ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹೇಳುತ್ತಾರೆ, ಅರ್ಥಧಾರಿ ಅದನ್ನು ಹಿಡಿದು ಅರ್ಧ ಗಂಟೆ ಮಾತು ಕಟ್ಟುತ್ತಾನೆ. ಬಾಯಿಪಾಠ ಮಾಡಿಕೊಂಡು ಬಂದರೆ ನಡೆಯುವುದಿಲ್ಲ, ಎದುರು ಕೂತವರು ಎಲ್ಲಿಂದ ಪ್ರಶ್ನೆ ಎಸೆಯುತ್ತಾರೆ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ಅದನ್ನು ನೆನೆಸುತ್ತಾರೆ. ಬಾಣ ನೆಟ್ಟುಕೊಂಡು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನನಗೂ ನಿನಗೂ ಜಗಳ ಏನಿತ್ತು? ಇದ್ದರೆ ಎದುರು ಬಂದು ಯಾಕೆ ಹೊಡೆಯಲಿಲ್ಲ? ರಾಮನ ಪಾತ್ರ ಹಿಡಿದವರಿಗೆ ನುಣುಚಿಕೊಳ್ಳಲು ಜಾಗ ಇಲ್ಲ.

ನಾವು ಇದನ್ನು ತರಗತಿಗೆ ತಂದೆವು. ಒಂದು ಪುಟ ವಾಲಿಯ ಪ್ರಶ್ನೆ. ಮುಂದಿನ ವಾರ ಆ ಪುಟ ಪಕ್ಕದವರ ಕೈಗೆ, ಅವರು ರಾಮನಾಗಿ ಉತ್ತರ. ಮೂರನೇ ವಾರ ಅದೇ ಅಚ್ಚಿನಲ್ಲಿ ಊರಿನ ವಿಷಯ: ಸಿಟಿ ಬಸ್ಸಿನ ರೇಸ್, ಹಾಸ್ಟೆಲಿನ ಸಮಯ, ಕಡಲ್ಕೊರೆತಕ್ಕೆ ಕಲ್ಲು ಹಾಕಬೇಕಾ ಬೇಡವಾ. 'ಪಾಯಿಂಟ್ಸ್ ಕೊಡ್ತೀರಾ' ಕೇಳಿದ ಹುಡುಗಿಯೇ ಎರಡೂವರೆ ಪುಟ ಬರೆದಳು. ಅವಳಿಗೆ ಭಾಷೆ ಏನೂ ಒಂದು ವಾರದಲ್ಲಿ ಬರಲಿಲ್ಲ. ಎದುರಿಗೆ ಒಬ್ಬರು ಇದ್ದರು, ಅಷ್ಟೇ.

ಇನ್ನು ಚಾಟ್‌ಜಿಪಿಟಿ. ಮಕ್ಕಳು ಬಳಸುತ್ತಾರೆ, ನಾವೂ ಕದ್ದು ಬಳಸುತ್ತೇವೆ. ಅದರಿಂದ ಬಂದ ಪ್ರಬಂಧ ನುಣ್ಣಗೆ ಇರುತ್ತದೆ, ಹಲಸಿನ ಹಣ್ಣಿನ ಎಸೆನ್ಸ್ ಹಾಕಿದ ಐಸ್‌ಕ್ರೀಮಿನ ಹಾಗೆ. ಹಿಡಿಯುವ ಸಾಫ್ಟ್‌ವೇರ್ ತರೋಣ ಅಂತ ನಮ್ಮಲ್ಲೂ ಮಾತು ಬಂತು. ನಾನು ಬೇಡ ಅಂದೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪೆನಿಯೇ ತನ್ನ ಪತ್ತೆ ಸಾಧನವನ್ನು 2023ರ ಜುಲೈಯಲ್ಲಿ ಹಿಂದೆ ತೆಗೆದುಕೊಂಡಿತು, ಅದು ಹೇಳುವುದು ಅಷ್ಟು ಸರಿ ಇರಲಿಲ್ಲ ಅಂತ. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಸಂಶೋಧಕರು ಇಂಗ್ಲಿಷ್ ಮನೆ ಮಾತಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ ಏಳು ಪತ್ತೆ ಸಾಧನಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದವು. ಸರಾಸರಿ ಶೇ 61ರಷ್ಟನ್ನು ಯಂತ್ರ ಬರೆದದ್ದು ಅಂತ ಸಾಧನಗಳು ಹೇಳಿದವು. ಕಾರಣ ಸರಳ: ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಸ್ವಲ್ಪ ಪದಗಳಲ್ಲೇ ಸುತ್ತುತ್ತಾರೆ, ಸಾಧನಕ್ಕೆ ಅದು ಯಂತ್ರದ ಹಾಗೆ ಕಾಣುತ್ತದೆ. ನಮ್ಮ ಮಕ್ಕಳ ಇಂಗ್ಲಿಷ್ ಅದೇ ಥರದ್ದು ಅಲ್ವಾ? ಕಷ್ಟಪಟ್ಟು ಬರೆದವಳನ್ನು ಕಳ್ಳಿ ಅಂದರೆ ಅವಳು ಮತ್ತೆ ಬರೆಯುತ್ತಾಳಾ?

ಬೀಡಿಯ ಬಗ್ಗೆ ಬರೆದ ಒಂದು ಪ್ರಬಂಧ ನನಗೆ ದಾರಿ ತೋರಿಸಿತು. 'ಬೀಡಿ ಉದ್ಯಮವು ಕರಾವಳಿಯ ಆರ್ಥಿಕತೆಯಲ್ಲಿ ಮಹತ್ವದ ಪಾತ್ರ ವಹಿಸುತ್ತದೆ' ಅಂತ ಶುರು. ಪಕ್ಕದಲ್ಲಿ ಬರೆದೆ: 'ನಿಮ್ಮ ಮನೆಯಲ್ಲಿ ಯಾರಾದರೂ ಬೀಡಿ ಕಟ್ಟುತ್ತಾರಾ?' ಬರೆದ ಹುಡುಗಿ ಮರುದಿನ ಬಂದಳು. "ಅಮ್ಮ ಕಟ್ತಾರೆ ಮೇಡಂ. ಅದೆಲ್ಲ ಎಂತ ಬರೆಯುದು?" ಅದನ್ನೇ ಬರಿ ಅಂದೆ. ಎರಡನೇ ಡ್ರಾಫ್ಟಿನಲ್ಲಿ ಎಲೆ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು ಬಂತು, ಬೀಡಿ ಕೊಟ್ಟು ಬರುವ ಬ್ರಾಂಚಿನಲ್ಲಿ ಕಟ್ಟು ಕಟ್ಟು ಆರಿಸಿ ಬದಿಗೆ ಹಾಕುವುದು ಬಂತು, ಬದಿಗೆ ಹಾಕಿದ್ದಕ್ಕೆ ದುಡ್ಡಿಲ್ಲ ಅನ್ನುವುದು ಬಂತು, ಕೊನೆಗೆ ಒಂದು ಪ್ರಶ್ನೆಯೂ ಬಂತು: ಬದಿಗೆ ಹಾಕಿದ ಬೀಡಿಯನ್ನು ಯಾರು ಸೇದುತ್ತಾರೆ? ಈ ಪ್ರಶ್ನೆಯ ತನಕ ಅವಳನ್ನು ಯಾವ ಯಂತ್ರವೂ ಕರೆದುಕೊಂಡು ಹೋಗುತ್ತಿರಲಿಲ್ಲ. ಅದಕ್ಕೇ ನಮ್ಮ ಅಧ್ಯಾಪಕರಿಗೆ ಈಗ ಒಂದೇ ನಿಯಮ: ಒಂದು ಪುಟಕ್ಕೆ ಎರಡು ಪ್ರಶ್ನೆ. ತಪ್ಪು ಎಣಿಸಬೇಡಿ, ಹೊಗಳಿಕೆಯೂ ಜಾಸ್ತಿ ಬೇಡ. ನಿಮಗೆ ನಿಜವಾಗಿ ತಿಳಿಯಬೇಕು ಅನಿಸಿದ ಎರಡು ಪ್ರಶ್ನೆ ಬರೆಯಿರಿ. ಮೊದಲ ಡ್ರಾಫ್ಟ್ ಕ್ಲಾಸಿನಲ್ಲೇ, ಕೈಯಲ್ಲೇ, ಬೇಕಾದ ಭಾಷೆಯಲ್ಲಿ. ತುಳುವಿನಲ್ಲಿ ಟಿಪ್ಪಣಿ ಮಾಡಿಕೊಂಡು ಇಂಗ್ಲಿಷಿಗೆ ತಂದರೂ ಅಡ್ಡಿಯಿಲ್ಲ.

ಎರಡು ಪ್ರಶ್ನೆ ಅಂದ ಮೇಲೆ ಒಂದು ಪುಟಕ್ಕೆ ಬೇಕಾದ ಹತ್ತು ನಿಮಿಷ ಏಳಾಯಿತು. ಎರಡನೇ ವರ್ಷದ ಹನ್ನೆರಡು ಮಕ್ಕಳನ್ನು ಓದುಗರಾಗಿ ತಯಾರು ಮಾಡಿದೆವು. ಲೈಬ್ರರಿಯ ಒಂದು ಮೂಲೆ, ಎರಡು ಮೇಜು, ಮಧ್ಯಾಹ್ನ ಒಂದರಿಂದ ಎರಡು. ಅವರು ತಿದ್ದುವುದಿಲ್ಲ, ಗಟ್ಟಿಯಾಗಿ ಓದಿಸಿ ಕೇಳುತ್ತಾರೆ. ಮಾರ್ಕ್ ಕೊಡುವ ಅಧಿಕಾರ ಇಲ್ಲದವರ ಎದುರು ಮಕ್ಕಳು ಹೆದರಿಕೆ ಇಲ್ಲದೆ ಮಾತಾಡುತ್ತಾರೆ. ಆದರೂ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಮಳೆಗಾಲದಲ್ಲಂತೂ ಎಲ್ಲ ಅಡಿಮೇಲು. ರೆಡ್ ಅಲರ್ಟ್ ಅಂದ ಕೂಡಲೇ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ: "ಡಿಸಿ ರಜೆ ಪಿಯುಸಿವರೆಗೆ ಮಾತ್ರವಾ, ಡಿಗ್ರಿಗೂ ಉಂಟಾ?" ನಾಲ್ಕು ರಜೆ ಬಂದರೆ ಒಂದು ಡ್ರಾಫ್ಟ್ ಹೋಯಿತು ಅಂತ ಅರ್ಥ.

ಬೇರೆ ವಿಭಾಗದವರ ವಿಷಯ ಹೇಳದಿದ್ದರೂ ನಡೆಯುತ್ತದೆ. "ಬರೆಸುವುದು ಭಾಷೆಯವರ ಕೆಲಸ" ಅನ್ನುತ್ತಾರೆ. ಕಾಮರ್ಸಿನ ಒಬ್ಬರು ಮಾತ್ರ ಇಂಟರ್ನಲ್‌ಗೆ ನೋಟ್ಸ್ ಕಾಪಿ ಮಾಡುವ ಅಸೈನ್‌ಮೆಂಟ್ ಬಿಟ್ಟು, 'ನಿಮ್ಮ ಊರಿನ ಒಂದು ಅಂಗಡಿಯ ಲೆಕ್ಕ' ಅಂತ ಎರಡು ಪುಟ ಬರೆಸಿದರು. ಅವರ ಬಂಡಲು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಒಂದು ಸೆಕ್ಷನ್ನಿಗೆ 60ರ ಬದಲು 30 ಮಾಡಿ ಅಂತ ಕೇಳಿದರೆ ಇನ್ನಷ್ಟು ಅಧ್ಯಾಪಕರು ಬೇಕು, ದುಡ್ಡಿಲ್ಲ ಅನ್ನುತ್ತಾರೆ. ಅದು ನಿಜವೂ ಹೌದು. ಹಾಗಾಗಿ ನಾನು ಕೇಳುತ್ತಿರುವುದು ಸಣ್ಣದು: ಬರವಣಿಗೆ ಕಲಿಸುವವರ 16 ಗಂಟೆಯಲ್ಲಿ ನಾಲ್ಕು ಗಂಟೆ ಓದುವುದಕ್ಕೆ ಅಂತ ಲೆಕ್ಕ ಹಿಡಿಯಿರಿ. ಕಳೆದ ಸಲ ವರ್ಕ್‌ಲೋಡ್ ಫಾರ್ಮಿನಲ್ಲಿ ಪೆನ್ನಿನಿಂದಲೇ ಒಂದು ಕಾಲಂ ಎಳೆದು 'ಓದು: ವಾರಕ್ಕೆ 4 ಗಂಟೆ' ಅಂತ ಬರೆದು ಕಳಿಸಿದೆ. ಎಂಟು ದಿನ ಬಿಟ್ಟು ಫಾರ್ಮ್ ವಾಪಸ್ ಬಂತು. 'ನಮೂನೆಯಲ್ಲಿ ಇಲ್ಲದ ಕಾಲಂ ಸೇರಿಸಬಾರದು' ಅಂತ ಕೆಂಪು ಶಾಯಿ. ಅದರ ಕೆಳಗೆ ಪೆನ್ಸಿಲಿನಲ್ಲಿ, ಬೇರೆ ಕೈಬರಹದಲ್ಲಿ, ಸಣ್ಣದಾಗಿ: '4 ಯಾಕೆ? ಲೆಕ್ಕ ಎಲ್ಲಿದೆ?'

ಯಾರು ಬರೆದದ್ದು ಅಂತ ಗೊತ್ತಾಗಲಿಲ್ಲ. ಆ ಪ್ರಶ್ನೆಗೆ ಒಂದೂವರೆ ಪುಟ ಉತ್ತರ ಬರೆಯುತ್ತಿದ್ದೇನೆ. ಎರಡನೇ ಡ್ರಾಫ್ಟ್ ನಡೆಯುತ್ತಿದೆ.